ಪಿಕಪ್ ಹಾಗೂ ಇತರ ಲಘು ಸರಕು ಸಾಗಣೆ ವಾಹನಗಳಿಗೆ ಬದಲಿ ಟೈರುಗಳ ಆಯ್ಕೆ: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಪಿಕಪ್, ಟಾಟಾ ಏಸ್ ಮುಂತಾದ ಲಘು ಸರಕು ಸಾಗಣೆ ವಾಹನಗಳ ಅರ್ಹತಾ ಪತ್ರದ (ಸಾರ್ವಜನಿಕರ ಬಳಕೆಯಲ್ಲಿ ಎಫ್.ಸಿ.) ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರ ಅನುಕೂಲಕ್ಕಾಗಿ, ಟೈರುಗಳನ್ನು ಯಾವಾಗ ಬದಲಾಯಿಸತಕ್ಕದ್ದು ಹಾಗೂ ಬದಲಿ ಟೈರುಗಳನ್ನು ಹೇಗೆ ಆಯ್ಕೆ ಮಾಡತಕ್ಕದ್ದು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 56ರ ಮೇರೆಗೆ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. 2018ರ ನವೆಂಬರ್ ತಿಂಗಳ ತಿದ್ದುಪಡಿಯಂತೆ, ಎಂಟು ವರ್ಷದವರೆಗಿನ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ ಮತ್ತು ಎಂಟು ವರ್ಷ ಮೀರಿದ ವಾಹನಗಳಿಗೆ ಪ್ರತಿ ವರ್ಷ ಅರ್ಹತಾ ಪತ್ರವನ್ನು ನವೀಕರಿಸಿಕೊಳ್ಳಬೇಕಾಗುತ್ತದೆ. ಪರೀಕ್ಷೆಯನ್ನು ಮೋಟಾರು ವಾಹನ ನಿರೀಕ್ಷಕರು ನಡೆಸಲಿ, ಸ್ವಯಂಚಾಲಿತ ಪರೀಕ್ಷಾ ಕೇಂದ್ರದಲ್ಲಿ ನಡೆಯಲಿ, ಟೈರುಗಳ ಸ್ಥಿತಿಯು ಪರಿಶೀಲನೆಗೆ ಒಳಪಡುವ ಅಂಶಗಳಲ್ಲಿ ಒಂದಾಗಿರುತ್ತದೆ.

ಪರೀಕ್ಷೆಯ ದಿನದ ಮಟ್ಟಿಗೆ ಒಳ್ಳೆಯ ಟೈರುಗಳನ್ನು ಬಾಡಿಗೆಗೆ ತಂದು ಜೋಡಿಸಿ, ಪತ್ರ ಕೈಸೇರಿದ ಮರುದಿನ ಅವುಗಳನ್ನು ಬಿಚ್ಚಿ ಹಿಂದಿರುಗಿಸುವ ಪದ್ಧತಿ ಕೆಲವೆಡೆ ರೂಢಿಯಲ್ಲಿದೆ. ಅರ್ಹತಾ ಪತ್ರವು ವಾಹನದ ಸ್ಥಿತಿಗೆ ನೀಡಲಾದ ಪ್ರಮಾಣವೇ ಹೊರತು ಆ ಒಂದು ದಿನಕ್ಕೆ ನೀಡಲಾದ ರಸೀದಿಯಲ್ಲ. ವಾಹನವು ಕಾಯ್ದೆ ಮತ್ತು ನಿಯಮಗಳ ಅಗತ್ಯಗಳನ್ನು ಪೂರೈಸುತ್ತಿಲ್ಲವೆಂದು ಮನದಟ್ಟಾದಲ್ಲಿ, ನೀಡಿದ ಪತ್ರವನ್ನು ರದ್ದುಪಡಿಸುವ ಅಧಿಕಾರವೂ ಅದೇ ಕಲಂನಲ್ಲಿ ಇದೆ. ಅಲ್ಲದೆ, ಪರೀಕ್ಷಾ ಆವರಣದಲ್ಲಿ ವಾಹನ ಖಾಲಿ ನಿಂತಿರುತ್ತದೆ. ಟೈರಿನ ನಿಜವಾದ ಪರೀಕ್ಷೆ ನಡೆಯುವುದು ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟುಗಳನ್ನು ಹೊತ್ತು ನಡುರಾತ್ರಿ ಹೊರಟಾಗ ಅಥವಾ ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ಭಾರದೊಂದಿಗೆ ಇಳಿಯುವಾಗ.

ಟೈರು ಬದಲಾಯಿಸಲೇಬೇಕಾದ ಸಂದರ್ಭಗಳು

ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ ನಿಯಮ 94ರಲ್ಲಿ ಟೈರುಗಳ ಸ್ಥಿತಿಯ ಬಗ್ಗೆ ಸ್ಪಷ್ಟವಾಗಿ ಹೇಳಲಾಗಿದೆ. ಸವೆತದಿಂದಾಗಲಿ, ಕೊಯ್ತದಿಂದಾಗಲಿ ಒಳಗಿನ ನೂಲು ಅಥವಾ ತಂತಿ ಹೊರಗೆ ಕಾಣುತ್ತಿರುವ ಟೈರು, ಒಂದು ಕಡೆ ಉಬ್ಬಿಕೊಂಡಿರುವ ಟೈರು ಮತ್ತು ನಿಗದಿತ ಮಿತಿಗಿಂತ ಹೆಚ್ಚು ಸವೆದಿರುವ ಟೈರು ರಸ್ತೆಯ ಬಳಕೆಗೆ ಅನರ್ಹ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳನ್ನು ಹೊರತುಪಡಿಸಿ ಇತರ ವಾಹನಗಳಿಗೆ ಈ ಮಿತಿ 1.6 ಮಿ.ಮೀ. ಆಗಿದ್ದು, ತೋಡುಗಳ ಆಳ ಇದಕ್ಕಿಂತ ಕಡಿಮೆ ಇರತಕ್ಕದ್ದಲ್ಲ.

ಇದನ್ನು ಅಳೆಯಲು ಉಪಕರಣವೇ ಬೇಕೆಂದಿಲ್ಲ. ಟೈರಿನ ಭುಜಭಾಗದಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳು ಅಥವಾ ಒಂದು ಸಣ್ಣ ತ್ರಿಕೋನ ಗುರುತು ಇರುತ್ತದೆ. ಅದರ ನೇರಕ್ಕೆ ತೋಡಿನೊಳಗೆ ನೋಡಿದಲ್ಲಿ ಅಡ್ಡಲಾಗಿ ಎತ್ತರಿಸಿದ ರಬ್ಬರಿನ ದಿಂಡು ಕಾಣುತ್ತದೆ. ಟೈರಿನ ಮೇಲ್ಮೈ ಸವೆದು ಈ ದಿಂಡಿನ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಷ್ಯ ಮುಗಿದಂತೆ. ಒಂದು ಅಂಚು ಮಾತ್ರ ಸವೆದು ಉಳಿದ ಭಾಗ ಚೆನ್ನಾಗಿದ್ದರೂ ಆ ಟೈರನ್ನು ಬದಲಾಯಿಸಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಚಕ್ರದ ಅಲೈನ್‌ಮೆಂಟನ್ನು ಸರಿಪಡಿಸದೆ ಹೊಸ ಟೈರು ಹಾಕಿಸುವುದು ವ್ಯರ್ಥ, ಅದೂ ಅದೇ ಅಂಚಿನಲ್ಲಿ ಸವೆಯುತ್ತದೆ.

ಬೋಳಾದ ಟೈರಿನ ಮೇಲೆ ಬಿಸಿ ಅಲಗಿನಿಂದ ಹೊಸದಾಗಿ ಗೆರೆ ಕೊರೆಸಿ ಪರೀಕ್ಷೆಗೆ ತರುವುದು ಕಂಡುಬರುತ್ತದೆ. ಹೀಗೆ ಕೊರೆದಾಗ ತಂತಿಯ ಪದರವನ್ನು ಮುಚ್ಚಿರುವ ಅಳಿದುಳಿದ ರಬ್ಬರೂ ಹೋಗುತ್ತದೆ. ನೋಟಕ್ಕೆ ಗೆರೆಯಿದ್ದರೂ ಟೈರು ಮೊದಲಿಗಿಂತ ದುರ್ಬಲವಾಗಿರುತ್ತದೆ. ನೀರು, ಕಲ್ಲು ಒಳಸೇರಿ ತಂತಿ ತುಕ್ಕು ಹಿಡಿಯುತ್ತದೆ. ತಯಾರಕರೇ ಮರುಕೊರೆತಕ್ಕೆ ಯೋಗ್ಯವೆಂದು ಅಚ್ಚೊತ್ತಿರುವ ಭಾರಿ ವಾಹನಗಳ ಟೈರುಗಳ ಸಂಗತಿ ಬೇರೆ, ಪಿಕಪ್ ವಾಹನದ ಟೈರುಗಳಿಗೆ ಅದು ಅನ್ವಯಿಸುವುದಿಲ್ಲ.

ಹೆಚ್ಚು ಓಡದ ವಾಹನಗಳಲ್ಲಿ ಗೆರೆಗಳು ಚೆನ್ನಾಗಿದ್ದರೂ ರಬ್ಬರು ಹಳೆಯದಾಗಿ ಪಕ್ಕಗಳಲ್ಲಿ ಸಣ್ಣ ಬಿರುಕುಗಳು ಮೂಡಿರುತ್ತವೆ. ಐದು ವರ್ಷ ದಾಟಿದ ಟೈರುಗಳನ್ನು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಿಕೊಳ್ಳುವುದು ಸೂಕ್ತ. ಹತ್ತು ವರ್ಷವಾದ ಟೈರನ್ನು, ಅದು ಸ್ಟೆಪ್ನಿಯಾಗಿಯೇ ಉಳಿದಿದ್ದರೂ, ಬಳಸಬಾರದು.

ಅಳತೆ ಒಂದೇ ಆದರೆ ಸಾಲದು

ಬದಲಿ ಟೈರು ಕೊಳ್ಳುವಾಗ ಮಾಲೀಕರು ಸಾಮಾನ್ಯವಾಗಿ ಎರಡು ವಿಷಯಗಳನ್ನು ಕೇಳುತ್ತಾರೆ: ಅಳತೆ ಹೊಂದುತ್ತದೆಯೇ, ಬೆಲೆ ಎಷ್ಟು. ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಆದ ಪ್ರಶ್ನೆಯನ್ನು, ಅಂದರೆ ಆ ಟೈರು ಎಷ್ಟು ಭಾರ ಹೊರಬಲ್ಲದು ಎಂಬುದನ್ನು, ಕೇಳುವವರು ಕಡಿಮೆ. ಹಲವು ಅವಘಡಗಳಿಗೆ ಮೂಲ ಇರುವುದು ಇಲ್ಲಿಯೇ ಆದ್ದರಿಂದ ಈ ಅಂಶವನ್ನು ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಪೂರ್ಣ ಪರಿಚಯವನ್ನು ಅಚ್ಚೊತ್ತಲಾಗಿರುತ್ತದೆ. ಉದಾಹರಣೆಗೆ, 195 ಆರ್ 15 ಎಲ್‌ಟಿ 8ಪಿಆರ್ 106/104 ಕ್ಯೂ ಎಂದು ಇದೆಯೆಂದು ಭಾವಿಸೋಣ. 195 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಆರ್ ಎಂದರೆ ರೇಡಿಯಲ್. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಎಲ್‌ಟಿ ಎಂಬುದು ಲಘು ಟ್ರಕ್ಕಿಗೆ ತಯಾರಿಸಿದ ಟೈರು ಎಂಬ ಸೂಚನೆ, ಕೆಲವು ಟೈರುಗಳಲ್ಲಿ ಇದರ ಬದಲಿಗೆ ಸಿ ಎಂಬ ಅಕ್ಷರವಿರುತ್ತದೆ. 8ಪಿಆರ್ ಎಂಬುದು ಪದರಗಳ ದರ್ಜೆ. ಇಂದಿನ ರೇಡಿಯಲ್ ಟೈರಿನಲ್ಲಿ ನಿಜವಾಗಿ ಎಂಟು ಪದರಗಳು ಇರುವುದಿಲ್ಲ, ಇದು ಬಲವನ್ನು ಹೇಳುವ ಹಳೆಯ ರೂಢಿಯ ಅಳತೆಯಷ್ಟೆ. ಕೊನೆಯ ಕ್ಯೂ ಎಂಬುದು ವೇಗದ ಸಂಕೇತ, ಗಂಟೆಗೆ 160 ಕಿ.ಮೀ.

ಉಳಿದದ್ದು 106/104. ಇದೇ ಭಾರಸೂಚಿ. ಈ ಅಂಕಿ ಕಿಲೋಗ್ರಾಂಗಳಲ್ಲಿ ಇಲ್ಲ, ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಪಟ್ಟಿಯೊಂದರ ಕ್ರಮಸಂಖ್ಯೆ. 100 ಎಂದರೆ 800 ಕಿ.ಗ್ರಾಂ., 102 ಎಂದರೆ 850, 104 ಎಂದರೆ 900, 106 ಎಂದರೆ 950, 109 ಎಂದರೆ 1,030 ಕಿ.ಗ್ರಾಂ. ಎರಡು ಅಂಕಿಗಳಿದ್ದಲ್ಲಿ ಮೊದಲನೆಯದು ಆ ಬದಿಯಲ್ಲಿ ಒಂದೇ ಟೈರಿದ್ದಾಗಿನ ಸಾಮರ್ಥ್ಯ, ಎರಡನೆಯದು ಜೋಡಿ ಟೈರುಗಳಿದ್ದಾಗ ಪ್ರತಿ ಟೈರಿನ ಸಾಮರ್ಥ್ಯ. ಹಿಂದೆ ಒಂದೊಂದೇ ಟೈರಿರುವ ಪಿಕಪ್ ವಾಹನಗಳ ಮಾಲೀಕರು ಮೊದಲ ಅಂಕಿಯನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದು.

ಈಗ ಲೆಕ್ಕ ನೋಡಬಹುದು. ವಾಹನವೊಂದರ ಹಿಂದಿನ ಅಚ್ಚಿನ ಮೇಲೆ ಅನುಮತಿಸಿದ ಗರಿಷ್ಠ ಭಾರ 1,800 ಕಿ.ಗ್ರಾಂ. ಎಂದಿಟ್ಟುಕೊಂಡರೆ, ಎರಡು ಟೈರುಗಳ ಪೈಕಿ ಪ್ರತಿಯೊಂದರ ಪಾಲಿಗೆ 900 ಕಿ.ಗ್ರಾಂ. ಬರುತ್ತದೆ. ಅಂದರೆ ಭಾರಸೂಚಿ ಕನಿಷ್ಠ 104 ಇರಲೇಬೇಕು. ಅಂಗಡಿಯಲ್ಲಿ ಇದೇ 15 ಅಂಗುಲದ ರಿಮ್ಮಿಗೆ ಕೂರುವ, ಜೀಪು ಮಾದರಿಯ ಪ್ರಯಾಣಿಕ ವಾಹನಗಳಿಗೆಂದು ತಯಾರಾದ 215/75 ಆರ್ 15 ಅಳತೆಯ, ಭಾರಸೂಚಿ 100 ಇರುವ ಟೈರೂ ಸಿಗುತ್ತದೆ. ಅಗಲವೂ ಹೆಚ್ಚು, ನೋಡಲು ದಷ್ಟಪುಷ್ಟ. ಆದರೆ ಅಂತಹ ಎರಡು ಟೈರುಗಳು ಒಟ್ಟಾಗಿ ಹೊರುವುದು 1,600 ಕಿ.ಗ್ರಾಂ. ಮಾತ್ರ. ವಾಹನ ಒಂದು ಕಿಲೋ ಹೆಚ್ಚುವರಿ ಸರಕನ್ನೂ ಹೇರದೆ, ಕಾನೂನಿನ ಮಿತಿಯೊಳಗೇ ಓಡುತ್ತಿದ್ದರೂ ಟೈರುಗಳ ಮಟ್ಟಿಗೆ ಅದು 200 ಕಿ.ಗ್ರಾಂ.ನಷ್ಟು ಅಧಿಕ ಭಾರ ಹೊತ್ತಂತಾಗುತ್ತದೆ. ಪ್ರತಿ ದಿನ, ಪ್ರತಿ ಬಾಡಿಗೆಯಲ್ಲೂ.

ಗಾಳಿ ಹೆಚ್ಚು ತುಂಬಿಸಿ ಈ ಕೊರತೆಯನ್ನು ನೀಗಿಸಬಹುದು ಎಂಬ ನಂಬಿಕೆ ಸರಿಯಲ್ಲ. ಭಾರಸೂಚಿ ಹೇಳುವ ಸಾಮರ್ಥ್ಯ ನಿಗದಿತ ಒತ್ತಡದಲ್ಲಿ ಮಾತ್ರ ಸಿಗುತ್ತದೆ. ಮೇಲೆ ಹೇಳಿದ ಲಘು ಟ್ರಕ್ಕಿನ ಟೈರು ತನ್ನ ಪೂರ್ಣ ಭಾರವನ್ನು ಸುಮಾರು 65 ಪಿಎಸ್‌ಐ ಒತ್ತಡದಲ್ಲಿ ಹೊರುವಂತೆ ರಚಿತವಾಗಿದೆ. ಪ್ರಯಾಣಿಕ ವಾಹನದ ಟೈರಿನ ಗರಿಷ್ಠ ಒತ್ತಡವೇ ಸಾಮಾನ್ಯವಾಗಿ 44 ಅಥವಾ 51 ಪಿಎಸ್‌ಐ ಎಂದು ಅದರ ಮೇಲೆ ಬರೆದಿರುತ್ತದೆ. ಹೊರಲಾರದ ಭಾರ ಹೊತ್ತ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯೇರುತ್ತದೆ, ಬಿಸಿಯೇರಿದಂತೆ ರಬ್ಬರಿಗೂ ತಂತಿಗೂ ಇರುವ ಬೆಸುಗೆ ಸಡಿಲಗೊಳ್ಳುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ರಸ್ತೆಯ ಬಿಸಿಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಸಿಡಿತವು ಚಾಲಕನಿಗೆ ಹಠಾತ್ತಾಗಿ ಕಂಡರೂ ಅದರ ಸಿದ್ಧತೆ ತಿಂಗಳುಗಳಿಂದ ಒಳಗೇ ನಡೆದಿರುತ್ತದೆ.

ಸರಿಯಾದ ಭಾರಸೂಚಿಯನ್ನು ತಿಳಿಯುವುದು ಹೇಗೆ? ಸಾರಿಗೆ ವಾಹನಗಳ ನೋಂದಣಿ ದಾಖಲೆಯ ಹೆಚ್ಚುವರಿ ವಿವರಗಳಲ್ಲಿ ಟೈರುಗಳ ಸಂಖ್ಯೆ, ಅಳತೆ, ಪದರಗಳ ದರ್ಜೆ ಹಾಗೂ ಪ್ರತಿ ಅಚ್ಚಿನ ಭಾರವನ್ನು ನಮೂದಿಸಲು ಅವಕಾಶವಿದೆ. ತಯಾರಕರ ಕೈಪಿಡಿಯಲ್ಲಿಯೂ, ಹಲವು ವಾಹನಗಳಲ್ಲಿ ಚಾಲಕನ ಬಾಗಿಲಿನ ಬಳಿ ಅಂಟಿಸಿದ ಫಲಕದಲ್ಲಿಯೂ ಗಾಳಿಯ ಒತ್ತಡದೊಂದಿಗೆ ಈ ವಿವರ ದೊರೆಯುತ್ತದೆ. ಈಗ ವಾಹನದಲ್ಲಿರುವ ಟೈರನ್ನು ನೋಡಿ ಹೊಸದನ್ನು ಕೊಳ್ಳುವುದು ಸರಿಯಲ್ಲ, ಏಕೆಂದರೆ ಹಿಂದಿನ ಮಾಲೀಕರು ತಪ್ಪು ಟೈರು ಹಾಕಿಸಿರುವ ಸಾಧ್ಯತೆ ಇರುತ್ತದೆ. ಹಳೆಯ ವಾಹನ ಕೊಂಡವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ತಮ್ಮ ವಾಹನದ ಹಿಂದಿನ ಅಚ್ಚಿನ ಮೇಲೆ ವಾಸ್ತವವಾಗಿ ಎಷ್ಟು ಭಾರ ಬೀಳುತ್ತಿದೆ ಎಂದು ತಿಳಿಯಬಯಸುವವರು, ಸರಕು ತುಂಬಿದ ನಂತರ ವೇಬ್ರಿಡ್ಜಿನಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಬಹುದು. ಒಂದು ಸಣ್ಣ ಶುಲ್ಕದಲ್ಲಿ ಮುಗಿಯುವ ಈ ಕೆಲಸವನ್ನು ಒಮ್ಮೆಯಾದರೂ ಮಾಡಿಸುವುದು ಒಳ್ಳೆಯದು. ಡಾಲಾದ ಹಿಂಬದಿಗೆ ಸರಕು ಹೇರಿದಾಗ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಅಚ್ಚಿನ ಭಾರ ಮಿತಿ ಮೀರಿರುವುದು ಉಂಟು.

ಹೆಚ್ಚಿನ ಭಾರಸೂಚಿಯ ಟೈರನ್ನು ಹಾಕಿಸಲು ಅಡ್ಡಿಯಿಲ್ಲ, ಆದರೆ ಅದರಿಂದ ವಾಹನದ ಅನುಮತಿಸಿದ ಭಾರ ಹೆಚ್ಚುವುದಿಲ್ಲ. ಅಧಿಕ ಭಾರಕ್ಕೆ ಕಾಯ್ದೆಯ ಕಲಂ 194ರಲ್ಲಿ, 2019ರ ತಿದ್ದುಪಡಿಯಂತೆ, ರೂ. 20,000 ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವಿದ್ದು, ಹೆಚ್ಚುವರಿ ಸರಕನ್ನು ಅಲ್ಲಿಯೇ ಇಳಿಸಬೇಕಾಗುತ್ತದೆ. ಚಂದಕ್ಕಾಗಿ ಅಥವಾ ಎತ್ತರಕ್ಕಾಗಿ ದೊಡ್ಡ ಅಳತೆಯ ಟೈರು, ಅಗಲದ ರಿಮ್ಮು ಹಾಕಿಸುವುದು ಬೇರೆಯದೇ ತೊಡಕು. ನೋಂದಣಿ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ಕಲಂ 52 ನಿರ್ಬಂಧಿಸುತ್ತದೆ. ಅಂತಹ ಟೈರಿನಿಂದ ವೇಗಮಾಪಕ ತಪ್ಪು ತೋರಿಸುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಬ್ರೇಕಿನ ಮೇಲೆ ಶ್ರಮವೂ ಹೆಚ್ಚು.

ಅಂಗಡಿಯಲ್ಲಿ ಗಮನಿಸಬೇಕಾದುದು

ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಟೈರಿನ ಮೇಲೆ ಇರುವುದು 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೇರೆಗೆ ಕಡ್ಡಾಯವಾಗಿದ್ದು, ಆಮದು ಟೈರುಗಳಿಗೂ ಅನ್ವಯಿಸುತ್ತದೆ. ಈ ಗುರುತಿನೊಂದಿಗೆ ಇರುವ ಸಂಖ್ಯೆಯನ್ನು ಓದುವುದರಿಂದ ಇನ್ನೊಂದು ಉಪಯೋಗವಿದೆ: ಐಎಸ್ 15636 ಎಂಬುದು ವಾಣಿಜ್ಯ ವಾಹನಗಳ ಟೈರಿನ ಮಾನಕ, ಐಎಸ್ 15633 ಎಂಬುದು ಪ್ರಯಾಣಿಕ ಕಾರುಗಳ ಟೈರಿನ ಮಾನಕ. ಅಂಗಡಿಯವರ ಮಾತಿಗಿಂತ ಈ ಐದು ಅಂಕಿಗಳು ಹೆಚ್ಚು ನಂಬಲರ್ಹ. 2022ರ ಜೂನ್ ತಿಂಗಳ ಅಧಿಸೂಚನೆಯಂತೆ ಒದ್ದೆ ರಸ್ತೆಯ ಹಿಡಿತ, ಉರುಳು ಪ್ರತಿರೋಧ ಮತ್ತು ಸದ್ದಿಗೆ ಸಂಬಂಧಿಸಿದ ಹೊಸ ಮಾನದಂಡಗಳೂ ಲಘು ಟ್ರಕ್ಕುಗಳ ಟೈರುಗಳಿಗೆ ಹಂತ ಹಂತವಾಗಿ ಜಾರಿಗೆ ಬಂದಿವೆ.

ತಯಾರಾದ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ರಿಯಾಯಿತಿ ದರದಲ್ಲಿ ಕೊಡುವ ಟೈರು ಗೋದಾಮಿನಲ್ಲಿ ಎಷ್ಟು ವರ್ಷ ಮಲಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದು.

ಗೆರೆಗಳ ವಿನ್ಯಾಸ ಓಡಾಟದ ರಸ್ತೆಗೆ ತಕ್ಕಂತಿರಬೇಕು. ಹೆದ್ದಾರಿಯಲ್ಲೇ ಹೆಚ್ಚು ಓಡುವ ವಾಹನಕ್ಕೆ ಸುತ್ತಲೂ ಉದ್ದನೆಯ ಪಟ್ಟಿಗಳಿರುವ ರಿಬ್ ವಿನ್ಯಾಸ ಒಳ್ಳೆಯದು. ಮಲೆನಾಡಿನ ತೋಟದ ದಾರಿ, ಕಲ್ಲು ಕ್ವಾರಿ, ಗದ್ದೆಯಂಚಿನ ಮಣ್ಣುದಾರಿಗಳಲ್ಲಿ ಓಡುವ ವಾಹನದ ಹಿಂದಿನ ಚಕ್ರಗಳಿಗೆ ದಪ್ಪ ಕಟ್ಟೆಗಳಿರುವ ಲಗ್ ವಿನ್ಯಾಸ ಬೇಕಾಗಬಹುದು. ಅದು ಡಾಂಬರು ರಸ್ತೆಯಲ್ಲಿ ಸದ್ದು ಮಾಡುತ್ತದೆ. ಒಂದೇ ಅಚ್ಚಿನ ಎರಡು ಬದಿಗೆ ಬೇರೆ ಬೇರೆ ಅಳತೆಯ ಅಥವಾ ವಿನ್ಯಾಸದ ಟೈರು ಹಾಕಬಾರದು. ರೇಡಿಯಲ್ ಮತ್ತು ಹಳೆಯ ಮಾದರಿಯ ನೈಲಾನ್ ಟೈರುಗಳನ್ನಂತೂ ಬೆರೆಸಲೇಬಾರದು, ಅವುಗಳ ಹಿಡಿತದ ಸ್ವಭಾವವೇ ಬೇರೆ. ಸ್ಟೆಪ್ನಿಗೂ ಅದೇ ಅಳತೆ, ಅದೇ ಭಾರಸೂಚಿ.

ರೀಟ್ರೆಡ್ ಮಾಡಿಸಿದ ಟೈರುಗಳು ತಮ್ಮಷ್ಟಕ್ಕೆ ಕೆಟ್ಟವೇನಲ್ಲ. ಒಳಗಿನ ಕವಚ ಗಟ್ಟಿಯಾಗಿದ್ದು, ಕೆಲಸ ಬಲ್ಲವರು ಮಾಡಿದ್ದರೆ ಹಿಂದಿನ ಚಕ್ರಗಳಲ್ಲಿ ಉಪಯೋಗಕ್ಕೆ ಬರುತ್ತವೆ. ಆದರೆ ಮುಂದಿನ ಚಕ್ರಗಳಿಗೆ ಅವುಗಳನ್ನು ಬಳಸದಿರುವುದೇ ಲೇಸು. ಅಂಟಿಸಿದ ಪಟ್ಟಿ ಅಲ್ಲಿ ಕಿತ್ತುಬಂದರೆ ಸ್ಟಿಯರಿಂಗ್ ಕೈಮೀರುತ್ತದೆ. ನಾಲ್ಕೂ ಟೈರು ಕೊಳ್ಳಲು ಹಣ ಸಾಲದೆ ಎರಡನ್ನು ಮಾತ್ರ ಕೊಳ್ಳುವವರು ಹೊಸದನ್ನು ಮುಂದಕ್ಕೆ ಹಾಕಿಸುವುದು ರೂಢಿ. ಉಳಿದ ಎರಡು ಟೈರುಗಳು ನಿಜಕ್ಕೂ ಚೆನ್ನಾಗಿದ್ದರೆ ಅವುಗಳನ್ನು ಮುಂದಕ್ಕೆ ತಂದು, ಭಾರ ಬೀಳುವ ಮತ್ತು ವಾಹನವನ್ನು ತಳ್ಳುವ ಹಿಂದಿನ ಚಕ್ರಗಳಿಗೆ ಹೊಸದನ್ನು ಹಾಕುವುದು ಹೆಚ್ಚು ಸುರಕ್ಷಿತ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ವಾಹನವನ್ನು ಹತೋಟಿಗೆ ತರುವುದು ಬಹಳ ಕಷ್ಟ. ಮುಂದಕ್ಕೆ ತರಲು ಮನಸ್ಸಾಗದಷ್ಟು ಹಳೆಯ ಟೈರಾದರೆ ಅದು ಹಿಂದಕ್ಕೂ ಯೋಗ್ಯವಲ್ಲ.

ಹೊಸ ಟೈರಿನೊಂದಿಗೆ ವಾಲ್ವನ್ನೂ ಹೊಸದಾಗಿ, ಹೆಚ್ಚಿನ ಒತ್ತಡ ತಡೆಯುವಂಥದ್ದನ್ನು ಹಾಕಿಸಬೇಕು. ಗಾಳಿಯನ್ನು ಟೈರು ತಣ್ಣಗಿದ್ದಾಗ, ಅಂದರೆ ಬೆಳಗ್ಗೆ ಹೊರಡುವ ಮುನ್ನ ಪರೀಕ್ಷಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ, ಅದನ್ನು ಕಂಡು ಗಾಳಿ ಬಿಡುವುದು ತಪ್ಪು.

ಬೆಲೆ ಮತ್ತು ಬಿಲ್ಲು

ಟೈರಿನ ಬೆಲೆಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ನೋಡುವುದು ಸೂಕ್ತ. ಲೆಕ್ಕ ತೋರಿಸುವುದಕ್ಕಾಗಿ ಮಾತ್ರ ಹೇಳುವುದಾದರೆ, ರೂ. 7,000 ಬೆಲೆಯ ಟೈರು 50,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 14 ಪೈಸೆ ಬೀಳುತ್ತದೆ. ರೂ. 5,100 ಬೆಲೆಯದು 30,000 ಕಿ.ಮೀ.ಗೆ ಸವೆದರೆ 17 ಪೈಸೆ. ಸರಕು ಹಾಳಾದದ್ದು, ಬಾಡಿಗೆ ತಪ್ಪಿದ್ದು ಈ ಲೆಕ್ಕಕ್ಕೆ ಸೇರಿಲ್ಲ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ಟೈರಿನ ಕ್ರಮಸಂಖ್ಯೆ ನಮೂದಿಸಿದ ತೆರಿಗೆ ಬಿಲ್ಲನ್ನು ಕೇಳಿ ಪಡೆಯತಕ್ಕದ್ದು. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಂಡ ಟೈರು ಆರು ತಿಂಗಳಲ್ಲಿ ಉಬ್ಬಿದರೆ ತಯಾರಕರ ಬಳಿ ದೂರು ಸಲ್ಲಿಸಲು ಆಧಾರವೇ ಇರುವುದಿಲ್ಲ. ತೆರಿಗೆಯಡಿ ನೋಂದಾಯಿತರಾದ ವ್ಯಾಪಾರಿಗಳು ನಿಯಮಗಳಿಗೆ ಒಳಪಟ್ಟು ಸರಕು ವಾಹನದ ಟೈರಿಗೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಲು ಅವಕಾಶವಿದ್ದು, ಅದಕ್ಕೂ ಬಿಲ್ಲೇ ಆಧಾರ.

ಅರ್ಜಿ ಮತ್ತು ಪರೀಕ್ಷೆ

ಅರ್ಹತಾ ಪತ್ರದ ಅವಧಿ ಮುಗಿಯುವ ಮುನ್ನವೇ ವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿ ಪತ್ರ, ವಿಮೆ, ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಮತ್ತು ತೆರಿಗೆ ಪಾವತಿಯ ದಾಖಲೆಗಳು ಚಾಲ್ತಿಯಲ್ಲಿರಬೇಕು. ಟೈರು ಬದಲಾಯಿಸುವುದನ್ನು ಪರೀಕ್ಷೆಯ ಹಿಂದಿನ ದಿನಕ್ಕೆ ಬಿಡದೆ ಒಂದೆರಡು ವಾರ ಮುಂಚಿತವಾಗಿ ಮುಗಿಸಿದಲ್ಲಿ ಅಲೈನ್‌ಮೆಂಟಿನ ದೋಷ, ವಾಲ್ವಿನ ಸೋರಿಕೆ ಇದ್ದರೆ ಗೊತ್ತಾಗಲು ಸಮಯ ಸಿಗುತ್ತದೆ. ಪರೀಕ್ಷೆಗೆ ತರುವಾಗ ಟೈರುಗಳ ಮೇಲಿನ ಕೆಸರನ್ನು ತೊಳೆದು, ಪಕ್ಕದ ಬರಹ ಓದುವಂತಿರಬೇಕು. ಅವಧಿ ಮುಗಿದ ಪತ್ರದೊಂದಿಗೆ ಓಡುವಾಗ ಅಪಘಾತವಾದಲ್ಲಿ ವಿಮಾ ಕಂಪನಿಯು ಪರಿಹಾರದ ಬಗ್ಗೆ ತಕರಾರು ಎತ್ತಬಹುದು.

ಸರಕು ವಾಹನಗಳಲ್ಲಿ ದಿಬ್ಬಣದವರನ್ನು, ಕೂಲಿ ಕಾರ್ಮಿಕರನ್ನು, ಜಾತ್ರೆಗೆ ಹೋಗುವವರನ್ನು ಸಾಗಿಸುವುದು ಕಾನೂನುಬಾಹಿರವೆಂದು ಈಗಾಗಲೇ ತಿಳಿದ ವಿಷಯ. ಡಾಲಾದಲ್ಲಿ ನಿಂತವರಿಗೆ ಹಿಡಿಯಲು ಏನೂ ಇರುವುದಿಲ್ಲ. ಹಿಂದಿನ ಟೈರು ಸಿಡಿದು ವಾಹನ ಮಗುಚಿದಾಗ ಮೊದಲು ಹೊರಗೆ ಎಸೆಯಲ್ಪಡುವವರು ಅವರೇ.

ಪರೀಕ್ಷೆಯಲ್ಲಿ ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ, ಕಾರಣಗಳನ್ನು ಲಿಖಿತವಾಗಿ ಪಡೆಯುವ ಹಕ್ಕು ಮಾಲೀಕರಿಗೆ ಕಲಂ 56ರಡಿ ಇದೆ. ಟೈರು ಸರಿಯಿಲ್ಲ ಎಂಬ ಬಾಯಿಮಾತಿಗೆ ಹಿಂದಿರುಗದೆ, ಯಾವ ಚಕ್ರದ ಟೈರು, ಏನು ದೋಷ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬಹುದು. ಆದೇಶದಿಂದ ಬಾಧಿತರಾದವರು ಅದು ತಲುಪಿದ 30 ದಿನಗಳೊಳಗೆ ಕಲಂ 57ರ ಮೇರೆಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ದೋಷ ನಿಜವಿದ್ದಲ್ಲಿ ಮೇಲ್ಮನವಿಗಿಂತ ಟೈರು ಬದಲಾಯಿಸಿ ಮರುಪರೀಕ್ಷೆಗೆ ಹಾಜರಾಗುವುದೇ ಬೇಗ ಮುಗಿಯುವ ದಾರಿ.

ಬಿಚ್ಚಿದ ಹಳೆಯ ಟೈರುಗಳನ್ನು ಅಂಗಳದಲ್ಲಾಗಲಿ, ಚಾವಣಿಯ ಮೇಲಾಗಲಿ ಇರಿಸಬಾರದು. ಮಳೆನೀರು ನಿಂತಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಅವುಗಳಲ್ಲಿ ಮೊಟ್ಟೆಯಿಡುತ್ತವೆ. ಸುಡುವುದರಿಂದ ವಿಷಕಾರಿ ಹೊಗೆ ಬರುತ್ತದೆ. ಹೊಸದನ್ನು ಕೊಂಡ ಅಂಗಡಿಗೆ ಅಥವಾ ಮರುಬಳಕೆ ಮಾಡುವವರಿಗೆ ಅವುಗಳನ್ನು ಒಪ್ಪಿಸುವಂತೆ ಕೋರಲಾಗಿದೆ. ತೀರ ಸವೆದ ಟೈರುಗಳನ್ನು ಮಾರುವ ಮುನ್ನ ಪಕ್ಕದ ಗೋಡೆಯನ್ನು ಕೊಯ್ದು ಕೊಡುವುದು ಒಳ್ಳೆಯದು, ಅವು ಮತ್ತೊಂದು ಪಿಕಪ್ ವಾಹನಕ್ಕೆ ಏರದಂತೆ.